ಐದು ಮಿಲಿಮೀಟರ್

ಮಳವಳ್ಳಿ ಬಸ್ಸಿನ ಮೇಲಿಂದ ಇಳಿಸಿದ ತೇಗದ ತೂಗುಮಣೆಯನ್ನು ನಿಂಗಯ್ಯ ತಲೆಯ ಮೇಲೆ ಹೊತ್ತು ತಂದು ಮದ್ದೂರಿನ ಮನೆಯ ನಡುಮನೆಯಲ್ಲಿ ಇಳಿಸಿದ. ಹಿತ್ತಾಳೆಯ ಸರಪಳಿಗಳು ಝಲ್ಲೆಂದವು. ತಿರುಮಲಮ್ಮ ಅಡುಗೆಮನೆಯಿಂದ ಒದ್ದೆಗೈಯಲ್ಲೇ ಓಡಿಬಂದರು. ಅದು ಅವರ ತವರಿನ ಮಣೆ. ಹನ್ನೆರಡನೆಯ ವಯಸ್ಸಿನಲ್ಲಿ ಮದುವೆಯಾಗಿ ಅದರಿಂದ ಇಳಿದು ಬಂದವರು ಮತ್ತೆ ಯಾವ ತೂಗುಮಣೆಯ ಮೇಲೂ ಕೂತಿರಲಿಲ್ಲ. ಈಗ ಅವರ ತಮ್ಮ ಆ ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದ. ಮಣೆಯನ್ನು ಅಕ್ಕನಿಗೆ ಕಳಿಸಿದ್ದ.

"ಎಲ್ಲಿ ನೇತಾಕನಾ ಅಮ್ಮಾವ್ರೆ?" ಎಂದ ನಿಂಗಯ್ಯ. ಆತಗೂರಿನಲ್ಲಿದ್ದ ಅವರ ಗದ್ದೆ ನೋಡಿಕೊಳ್ಳುತ್ತಿದ್ದವನು ಅವನೇ.

"ನೇತುಹಾಕೋದು ಬೇಡ, ಅಟ್ಟಕ್ಕೆ ಹಾಕು," ಎಂದ ಮಗ ಯೋಗಾನರಸಿಂಹ. ತಾಲ್ಲೂಕು ಕಚೇರಿಯ ಗುಮಾಸ್ತ. ಬೀಗ ಹಾಕಿದ ಮೇಲೂ ಎಳೆದೆಳೆದು ನೋಡುವ ಜಾಯಮಾನ. "ಮೇಲಿರೋದು ತಾತನ ಕಾಲದ ತೇಗದ ತೊಲೆ. ಮಣೆ ತೂಗಿದರೆ ತಾರಸಿಯೇ ತಲೆ ಮೇಲೆ ಬಿದ್ದೀತು."

ತಿರುಮಲಮ್ಮ ಸೆರಗಿನಿಂದ ಮಣೆಯ ಧೂಳು ಒರೆಸಿದರು. ಒರೆಸಿ ಆದ ಮೇಲೂ ಒರೆಸುತ್ತಲೇ ಇದ್ದರು. ಅದನ್ನು ನೋಡಿದ ಸೊಸೆ ಆಂಡಾಳ್, ಕೈಗೆ ಟೇಪು ತೆಗೆದುಕೊಂಡು ಸ್ಟೂಲು ಹತ್ತಿದಳು. ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವಳು ಲೆಕ್ಚರರ್. ತೊಲೆಯ ಉದ್ದ, ಅಗಲ, ದಪ್ಪ ಎಲ್ಲ ಅಳೆದು, "ಶನಿವಾರ ಕಾಲೇಜಿನ ಲೆಕ್ಕ ಹಾಕಿಸೋಕೆ ಬೆಂಗಳೂರಿಗೆ ಹೋಗ್ತೀನಲ್ಲ, ಅಲ್ಲಿರೋ ಕಂಪ್ಯೂಟರನ್ನೇ ಕೇಳಿಬಿಡೋಣ," ಎಂದಳು.

"ಅದಕ್ಕೆ ನಮ್ಮ ತೊಲೆ ಹೇಗಮ್ಮ ಗೊತ್ತು?" ಎಂದರು ಅತ್ತೆ.

"ನಾವೇ ಹೇಳಿಕೊಡೋದು ಅಮ್ಮ. ಮೊದಲು ತೊಲೆಯನ್ನ ಎಂಟು ತುಂಡು ಮಾಡ್ತೀವಿ..."

"ಅಯ್ಯೋ, ಕತ್ತರಿಸಿಬಿಡ್ತೀಯೇನೇ?"

"ಲೆಕ್ಕದಲ್ಲಿ ಮಾತ್ರ! ಎರಡು ತುದಿ ಗೋಡೆ ಮೇಲೆ ಕೂತಿದೆ, ಸರಪಳಿ ಇಲ್ಲಿಲ್ಲಿ ಎಳೆಯುತ್ತೆ ಅಂತ ಕಾರ್ಡುಗಳಲ್ಲಿ ತೂತು ಹೊಡೆದು ಕೊಡ್ತೀವಿ. ಒಂದೊಂದು ತುಂಡು ಎಷ್ಟು ಬಗ್ಗುತ್ತೆ ಅಂತ ಲೆಕ್ಕ ಹಾಕಿ, ಎಲ್ಲ ಜೋಡಿಸಿ, ಅದು ಉತ್ತರ ಹೇಳುತ್ತೆ."

ಆ ಶನಿವಾರ ರಾತ್ರಿಯ ರೈಲಿಗೆ ಹಿಂತಿರುಗಿದ ಆಂಡಾಳ್ ಬಾಗಿಲಲ್ಲೇ ನಗಲು ಶುರುಮಾಡಿದಳು. ಉದ್ದನೆಯ ಕಾಗದವನ್ನು ಗಂಡನ ಕೈಗಿತ್ತಳು. ಅವನು ಕನ್ನಡಕ ಏರಿಸಿ ಓದಿದ. "ಐದು ಮೀಟರ್ ಬಗ್ಗುತ್ತಂತೆ! ಆಂಡಾಳ್, ನೆಲ ಇರೋದೇ ಮೂರು ಮೀಟರ್ ಕೆಳಗೆ!"

"ನೆಲ ಇದೆ ಅಂತ ನಾನು ಅದಕ್ಕೆ ಹೇಳಿರಲಿಲ್ಲವಲ್ಲ," ಎಂದು ಅವಳು ಕಣ್ಣೊರೆಸಿಕೊಂಡಳು. "ಮರ ಎಷ್ಟು ಗಟ್ಟಿ ಅನ್ನೋ ಕಾರ್ಡಿನಲ್ಲಿ ಮೂರು ಸೊನ್ನೆ ಬಿಟ್ಟುಬಿಟ್ಟೆ. ತೇಗದ ತೊಲೆ ರಬ್ಬರಿನಷ್ಟು ಮೆತ್ತಗಾಯಿತು."

ಮುಂದಿನ ಶನಿವಾರ ಸೊನ್ನೆಗಳು ಸರಿಯಾದವು. ಮೂರು ಮೂಟೆ ಭತ್ತದ ಭಾರಕ್ಕೆ ತೊಲೆ ಬಗ್ಗುವುದು ಐದು ಮಿಲಿಮೀಟರ್. ಯೋಗಾನರಸಿಂಹ ಅದಕ್ಕೂ ಬಗ್ಗಲಿಲ್ಲ. "ತೊಲೆಯ ಒಳಗೆ ಹುಳ ತಿಂದು ಪೊಳ್ಳಾಗಿದ್ದರೆ? ಅದು ನಿನ್ನ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತೆ?"

ಆಂಡಾಳ್ ನಗು ನಿಲ್ಲಿಸಿದಳು. ಪ್ರಶ್ನೆ ಸರಿಯಾಗಿಯೇ ಇತ್ತು. "ಗೊತ್ತಾಗಲ್ಲ," ಎಂದಳು. "ಅದಕ್ಕೇ ಮೂಟೆ ಇಟ್ಟು ನೋಡೋಣ. ಪೊಳ್ಳಾಗಿದ್ದರೆ ಐದಕ್ಕಿಂತ ಜಾಸ್ತಿ ಬಗ್ಗುತ್ತೆ. ಬಗ್ಗಿದರೆ ಮಣೆ ಅಟ್ಟಕ್ಕೆ. ನಾನು ತುಟಿ ಬಿಚ್ಚಲ್ಲ."

ಭಾನುವಾರ ಬೆಳಿಗ್ಗೆ ಮಣೆಯನ್ನು ನೆಲದಿಂದ ಗೇಣೆತ್ತರದಲ್ಲಿ ಕಟ್ಟಿದರು. ಮಣೆಯ ಪಕ್ಕ ನೆಟ್ಟನೆಯ ಬಿದಿರ ಗಳು ನಿಲ್ಲಿಸಿ, ಅದರ ತುದಿಗೆ ತೊಲೆಯ ನಡುವಿನ ಕೆಳಕ್ಕೆ ಚಾಚುವ ಪಟ್ಟಿ ಕಟ್ಟಿ, ತೊಲೆ ಬಗ್ಗಿದಷ್ಟೂ ಕಿರಿದಾಗುವಂತೆ ಪಟ್ಟಿಗೂ ತೊಲೆಗೂ ನಡುವೆ ಹತ್ತು ಮಿಲಿಮೀಟರ್ ಸಂದು ಬಿಟ್ಟು, ಆಂಡಾಳ್ ಸ್ಟೂಲಿನ ಮೇಲೆ ಸ್ಕೇಲು ಹಿಡಿದು ನಿಂತಳು. ನಿಂಗಯ್ಯ ಮೊದಲ ಮೂಟೆ ಇಟ್ಟ. ಎರಡನೆಯದಕ್ಕೆ ಸರಪಳಿ ಕಿರ್ರೆಂದಿತು. ಯೋಗಾನರಸಿಂಹ ಅಮ್ಮನನ್ನು ಹೊಸ್ತಿಲಾಚೆ ಎಳೆದುಕೊಂಡ. ಮೂರನೆಯ ಮೂಟೆಯನ್ನು ನಿಂಗಯ್ಯ ಹಸುಗೂಸನ್ನು ಮಲಗಿಸುವ ಹಾಗೆ ಇಟ್ಟು ಹಿಂದೆ ಸರಿದ.

ಆಂಡಾಳ್ ಸ್ಕೇಲಿಗೆ ಕಣ್ಣು ತಗುಲಿಸಿ ನೋಡಿದಳು. ಮತ್ತೆ ನೋಡಿದಳು.

"ಅದೇನು ಒಸಿ ಏಳಿ ಅವ್ವಾ, ಜೀವ ಬಾಯಿಗ್ ಬಂದದೆ!" ಎಂದ ನಿಂಗಯ್ಯ.

"ಐದು," ಎಂದಳು ಆಂಡಾಳ್. ಆಮೇಲೆ ಕೂಗಿದಳು: "ಐದೇ! ಕೂದಲೆಳೆಯಷ್ಟೂ ಹೆಚ್ಚಿಲ್ಲ!" ಇಷ್ಟು ವರ್ಷ ಕರಿಹಲಗೆಯ ಮೇಲೆ ನೂರಾರು ತೊಲೆ ಬರೆದು ಬಗ್ಗಿಸಿದ್ದಳು, ತಾನು ಮೊದಲೇ ಹೇಳಿದಷ್ಟೇ ಬಗ್ಗಿ ನಿಂತ ನಿಜವಾದ ಮರವನ್ನು ಕಂಡದ್ದು ಇದೇ ಮೊದಲು. ಸ್ಟೂಲಿನಿಂದ ಹಾರಿ ಅತ್ತೆಯನ್ನು ತಬ್ಬಿಕೊಂಡಳು. ಯೋಗಾನರಸಿಂಹ ತಾನೂ ಸ್ಟೂಲು ಹತ್ತಿ, ಸ್ಕೇಲು ಇಟ್ಟು ನೋಡಿ, ಕೆಳಗಿಳಿದು, ಮೊದಲ ಮೂಟೆಯನ್ನು ತಾನೇ ಇಳಿಸಿದ.

ಮೂಟೆಗಳು ಹೋದವು. ಸರಪಳಿಯನ್ನು ಸ್ವಲ್ಪ ಮೇಲಕ್ಕೆ ಸಿಕ್ಕಿಸಿದರು. ತಿರುಮಲಮ್ಮ ಸೀರೆಯ ನೆರಿಗೆ ಒತ್ತಿಕೊಂಡು ಕೂತರು. ಅಂಗೈಯಿಂದ ಮಣೆಯನ್ನು ಒಂದು ಸಲ ಸವರಿದರು. ಕಾಲಿನ ಹೆಬ್ಬೆರಳನ್ನು ನೆಲಕ್ಕೂರಿ ಮೆಲ್ಲನೆ ತಳ್ಳಿದರು. ಇನ್ನೊಮ್ಮೆ, ಸ್ವಲ್ಪ ಜೋರಾಗಿ. ಆಮೇಲೆ ಕಾಲೇ ನೆಲ ಬಿಟ್ಟಿತು.

"ಅಮ್ಮಾ, ನಿಧಾನ! ಸಾಕು, ಸಾಕಮ್ಮ!" ಎನ್ನುತ್ತ ಯೋಗಾನರಸಿಂಹ ಎರಡೂ ಕೈ ಚಾಚಿಕೊಂಡು ಎದುರಿಗೇ ನಿಂತ. ಹಬ್ಬದ ದಿನ ತಾನು ಬಗ್ಗಿ ಮುಟ್ಟುತ್ತಿದ್ದ ಪಾದಗಳು ಈಗ ಎದೆಯೆತ್ತರಕ್ಕೆ ಹಾರಿ ಬರುತ್ತಿದ್ದವು.

"ದಾರಿ ಬಿಡೋ!" ಎಂದರು ತಿರುಮಲಮ್ಮ.