ಹಿಂಡಿನ ಮರ್ಯಾದೆ

"ಕುರಿ ಉಣ್ಣಿ ಕಡಿದಾವೇನು ಯವ್ವಾ?" ಡಾಕ್ಟರ್ ಸುಜಾತಾ ಮೂರನೆಯ ಸಲ ಕೇಳಿದರು.

"ಇಲ್ರಿ ಬಾಯಾರ. ನಮ್ಮ ಹಿಂಡಾಗ ಉಣ್ಣಿ ಅನ್ನೂದ ಇಲ್ಲ," ಎಂದಳು ಆದೆಮ್ಮ. ಒಂಬತ್ತು ದಿನದ ಜ್ವರಕ್ಕೆ ಧ್ವನಿ ಕುಗ್ಗಿತ್ತು, ಜಂಬ ಎಳ್ಳಷ್ಟೂ ಇಳಿದಿರಲಿಲ್ಲ.

ಪಕ್ಕದಲ್ಲಿ ನಿಂತ ಸೊಸೆ ದೇವಿಕಾಳಿಗೆ ಮೈಯೆಲ್ಲ ಉರಿಯಿತು. ಉಣ್ಣಿ ಇಲ್ಲವಂತೆ. ದಿನಾ ಸಂಜೆ ಕುರಿಗಳ ಕಿವಿಯಿಂದ ಉಣ್ಣಿ ಕಿತ್ತು, ಉಗುರಿನಲ್ಲಿ ಚಿಟಕ್ಕನೆ ಒಡೆದು, ಆ ರಕ್ತದ ಕೈಯನ್ನು ಸೀರೆಗೆ ಒರೆಸಿಕೊಂಡು ರೊಟ್ಟಿ ತಟ್ಟಲು ಕೂರುವವಳು ಇದೇ ಅತ್ತೆಯಲ್ಲವೇ? ಅರಕೇರಾದಿಂದ ದೇವದುರ್ಗದವರೆಗೆ ಬಸ್ಸಿನಲ್ಲಿ ಹೆಗಲಿಗೆ ಒರಗಿಸಿಕೊಂಡು ಕರೆತಂದದ್ದು ಈ ಸುಳ್ಳು ಕೇಳಲಿಕ್ಕೇನು?

"ರಗಡ ಅದಾವ್ರಿ ಮೇಡಂ," ಎಂದಳು ದೇವಿಕಾ. "ಆದ್ರ ಇವರಿಗೆ ಕಡಿದಾವೋ ಇಲ್ಲೋ ಗೊತ್ತಿಲ್ರಿ. ಮೈ ನೋಡಾಕ ಬಿಡೂದಿಲ್ಲ."

"ನೀ ಸುಮ್ನಿರಬೇ," ಎಂದು ಆದೆಮ್ಮ ಸೊಸೆಯ ಕೈ ಚಿವುಟಿದಳು. ಅವಳ ಕಣ್ಣು ಬಾಗಿಲಾಚೆಯ ಬೆಂಚಿನ ಮೇಲಿತ್ತು. ಅಲ್ಲಿ ಅವರದೇ ಊರಿನ ಯಮನೂರಪ್ಪ ಮೊಣಕಾಲು ನೋವೆಂದು ಬಂದು ಕುಳಿತಿದ್ದ. ಊರಲ್ಲಿ ಆದೆಮ್ಮನದು ಬಿಟ್ಟರೆ ದೊಡ್ಡ ಹಿಂಡು ಅವನದೇ. ಇಲ್ಲಿ ಒಪ್ಪಿಕೊಂಡರೆ ಸಂಜೆಯೊಳಗೆ ಊರ ತುಂಬ ಸುದ್ದಿ. ಈ ಮುದುಕಿಗೆ ಜೀವಕ್ಕಿಂತ ಕುರಿಗಳ ಮರ್ಯಾದೆಯೇ ಹೆಚ್ಚಾಯಿತಲ್ಲ ಎಂದು ದೇವಿಕಾಳಿಗೆ ಅಳುವೇ ಬಂತು.

ಸುಜಾತಾ ಪೆನ್ನು ಕೆಳಗಿಟ್ಟರು. "ರಕ್ತ ಪರೀಕ್ಷೆದಾಗ ಮಲೇರಿಯಾ ಅಲ್ಲ ಅಂತ ಬಂದದ. ಉಣ್ಣಿ ಕಡಿದ್ರ ಅಪರೂಪಕ್ಕ ಅದರ ಮೈಯಾಗಿನ ರೋಗದ ಹುಳ ಮನುಷ್ಯರ ರಕ್ತಕ್ಕೂ ಸೇರತದ. ಜ್ವರ ಒಂದೇ ಥರ ಕಾಣತದ, ಪರೀಕ್ಷೆ ಬ್ಯಾರೆ, ಔಷಧ ಬ್ಯಾರೆ. ನೀವು ಸುಳ್ಳು ಹೇಳಿದ್ರ ನಾ ತಪ್ಪು ಔಷಧ ಕೊಡತೀನಿ. ಜೀವಕ್ಕ ಕುತ್ತು ಬರತದ."

"ಇಲ್ಲಂದ್ರ ಇಲ್ರಿ."

ದೇವಿಕಾಳ ಸಹನೆ ಅಲ್ಲಿಗೆ ಮುಗಿಯಿತು. ಅತ್ತೆಯ ತಲೆ ಬಗ್ಗಿಸಿ ಹಿಡಿದು ತುರುಬು ಬಿಚ್ಚಿದಳು. ಕುತ್ತಿಗೆಯ ಹಿಂದೆ, ಕೂದಲಿನ ಅಂಚಿನಲ್ಲಿ, ಒಂದು ಉಣ್ಣಿ ಕಚ್ಚಿಕೊಂಡು ಕೂತಿತ್ತು. ಸುಜಾತಾ ಅದನ್ನು ಚಿಮಟದಿಂದ ಮೆಲ್ಲಗೆ ಕಿತ್ತು, ಸಣ್ಣ ಸೀಸೆಗೆ ಹಾಕಿ, ಆದೆಮ್ಮನ ಕಣ್ಣೆದುರು ಹಿಡಿದರು. ಬೆಂಚಿನ ಮೇಲಿದ್ದ ಯಮನೂರಪ್ಪ ಕತ್ತು ಉದ್ದ ಮಾಡಿದ.

ಆದೆಮ್ಮ ಸೀಸೆ ಇಸಿದುಕೊಂಡು ಅತ್ತಿತ್ತ ತಿರುಗಿಸಿ ನೋಡಿದಳು. ಆಮೇಲೆ ಅವನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು:

"ಇದು ಯಮನೂರಪ್ಪನ ಕುರೀದ್ರಿ. ನಮ್ಮ ಕುರಿ ಉಣ್ಣಿ ಇಷ್ಟು ಬಡಕಲ ಇರೂದಿಲ್ಲ. ಔಡಲ ಬೀಜದಷ್ಟು ದಪ್ಪ ಆಗತಾವ."