ಹೋಬಳಿಯ ಸುಸ್ತುದಾರರು

ಹೋಬಳಿಯ ಎಂಟು ಹೈಸ್ಕೂಲುಗಳ ಕ್ರೀಡಾಕೂಟದಲ್ಲಿ ಎಂದಿನಂತೆ ಮಕ್ಕಳು ಓಡುತ್ತಿದ್ದರು, ದೊಡ್ಡವರು ಏದುಸಿರು ಬಿಡುತ್ತಿದ್ದರು. ಓಡುವ ಮಗುವಿನ ಮಣಿಕಟ್ಟಿಗೊಂದು ಪಟ್ಟಿ ಕಟ್ಟಿದರೆ ಮಗುವಿನ ದಣಿವೆಲ್ಲ ಆ ಪಟ್ಟಿಯ ಜೋಡಿಯನ್ನು ಕಟ್ಟಿಕೊಂಡ ದೊಡ್ಡವರಿಗೆ ಬರುತ್ತಿತ್ತು. ಪ್ರತಿ ಶಾಲೆಗೂ ಒಬ್ಬ ಅಧಿಕೃತ ಸುಸ್ತುದಾರ. ಕೋಡಿಹಟ್ಟಿ ಶಾಲೆಗೆ ಬಿಸಿಯೂಟದ ಬೋರಮ್ಮ. ಮೂರು ವರ್ಷದಿಂದ ರುಕ್ಸಾನಾ ಎಂಬ ಹುಡುಗಿ ಗೆಲ್ಲುತ್ತಿದ್ದಳು, ಬೋರಮ್ಮ ಬೆವರುತ್ತಿದ್ದಳು.

ಇವತ್ತಿನ ಸಾವಿರದೈನೂರು ಮೀಟರ್ ಗೆದ್ದರೆ ರುಕ್ಸಾನಾ ಜಿಲ್ಲೆಗೆ ಆಯ್ಕೆ. ಆದರೆ ಎರಡು ಸುತ್ತು ಮುಗಿದರೂ ಬೋರಮ್ಮನ ಉಸಿರು ಏರಲೇ ಇಲ್ಲ. ಪಕ್ಕದ ಶಾಲೆಯ ಸುಸ್ತುದಾರ ತಿಪ್ಪೇಶಿ ಬಗ್ಗಿ ಕೆಮ್ಮುತ್ತಲೇ ಛೇಡಿಸಿದ: "ಏನ್ ಬೋರಕ್ಕಾ, ಡ್ಯೂಟಿ ಟೈಮಲ್ಲಿ ಆರಾಮಾಗಿದ್ದೀಯ?"

ಬೋರಮ್ಮ ಗಾಬರಿಯಿಂದ ಟ್ರ್ಯಾಕ್ ನೋಡಿದಳು. ರುಕ್ಸಾನಾಳ ಕೈಯಲ್ಲಿ ಪಟ್ಟಿಯೇ ಇರಲಿಲ್ಲ. ಹುಡುಗಿ ಎಲ್ಲರಿಗಿಂತ ಕೊನೆಗೆ ಬಂದು ಅವಳ ಕಾಲ ಬಳಿ ಕುಸಿದಳು.

"ಯಾಕೇ ಬಿಚ್ಚಿದೆ? ಜಿಲ್ಲೆ ಹೋಯ್ತಲ್ಲೇ!"

"ಬೆಳಗ್ಗೆ ಸಾರು ಬಡಿಸ್ತಾ ಎದೆ ಹಿಡ್ಕೊಂಡ್ರಲ್ಲ, ನೋಡ್ದೆ." ರುಕ್ಸಾನಾ ಉಸಿರಿಗಾಗಿ ತಡಕಾಡಿದಳು. "ಬೋರಕ್ಕಾ, ಸುಸ್ತು ಅಂದ್ರೆ ಇಷ್ಟಿರುತ್ತಾ? ಒಂದಿನಾನೂ ಹೇಳ್ಲೇ ಇಲ್ವಲ್ಲ!"

ಬೋರಮ್ಮ ಸೆರಗಿನಿಂದ ಅವಳ ಹಣೆ ಒರೆಸಿದಳು. "ಹೇಳೋಕೆ ಉಸಿರು ಬರೋಷ್ಟರಲ್ಲಿ ನೀನು ಕಪ್ ಹಿಡ್ಕೊಂಡು ಬಸ್ ಹತ್ತಿರ್ತಿದ್ದೆ ಕಣೇ."