ನನ್ನ ನಂತರ ಯಾರು?

ಪುಕ್ಕಟೆ ಹಂಚುವ ಒಂದು ತಂತ್ರಾಂಶದ ಒಂದೊಂದು ಪ್ಯಾಕೇಜನ್ನೂ, ಅಂದರೆ ಬಿಡಿ ಭಾಗವನ್ನೂ, ಒಬ್ಬೊಬ್ಬ ಸ್ವಯಂಸೇವಕರು ನೋಡಿಕೊಳ್ಳುತ್ತಿದ್ದರು. ಹಿಂದೊಬ್ಬರು ಹೇಳದೆ ಕೇಳದೆ ಬಿಟ್ಟುಹೋದಾಗ ಎಲ್ಲರೂ ಪಟ್ಟ ಪಾಡನ್ನು ಅವರ ಮುಖ್ಯಸ್ಥೆ ವಾರಿಜಾ ಮರೆತಿರಲಿಲ್ಲ. ಈಗ ಅವಳಿಗೇ ಸಾಕಾಗಿತ್ತು, ಯಾರಿಗೂ ಹೇಳಿರಲಿಲ್ಲ. ಇವರನ್ನು ನಡುನೀರಿನಲ್ಲಿ ಬಿಟ್ಟು ಹೊರಡಲು ಮನಸ್ಸೊಪ್ಪದೆ, ಪ್ಯಾಕೇಜುಗಳ ಮಾಹಿತಿ ನಮೂನೆಯಲ್ಲಿ ಹೊಸ ಸಾಲೊಂದನ್ನು ಕಡ್ಡಾಯ ಮಾಡಿದಳು: ‘ನನ್ನ ನಂತರ ಯಾರು?’

“ಏನ್ ವಾರಿಜಕ್ಕ, ಬದುಕಿರೋವಾಗ್ಲೇ ನಮ್ಮ ತಿಥಿ ಮಾಡ್ತೀರಾ?” ಫೋನಿನಲ್ಲಿ ಸ್ವಯಂಸೇವಕರಲ್ಲೊಬ್ಬನಾದ ಚಂದ್ರಹಾಸ ನಕ್ಕ.

“ನಗಬೇಡ ಮಾರಾಯ. ಎಲ್ಲರೂ ತುಂಬಿದ್ರಾ, ಅದು ಹೇಳು.” ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ತುಂಬಿದ್ವಲ್ಲ! ಒಬ್ಬರೂ ಬಾಕಿ ಇಲ್ಲ.”

ವಾರಿಜಾಳ ಎದೆಯ ಭಾರ ಇಳಿಯಿತು. “ಸದ್ಯ! ಯಾರ್ಯಾರ ಹೆಸರು ಬಂತು?”

“ಯಾರ್ಯಾರ್ದು ಅಂದ್ರೆ? ಎಲ್ರೂ ನಿಮ್ಮ ಹೆಸರೇ ಹಾಕಿದ್ದೀವಿ. ನೀವೆಲ್ಲಿಗೂ ಹೋಗೋರಲ್ವಲ್ಲ, ಅಕ್ಕ.”